ಗಿಣ್ಣು ಹಾಲಿನ ಪುಡಿ ಮಕ್ಕಳಿಗೆ ಕೊಡಬಹುದಾ? "ನ್ಯಾಚುರಲ್ ಆಂಟಿಬಯಾಟಿಕ್" ಅಂತಿದ್ದಾರೆ, ನಿಜಾನಾ?

ಹಾಸನದವಳು

ಎಲ್ಲರಿಗೂ ನಮಸ್ಕಾರ. ನನ್ನ ಮಗನಿಗೆ ನಾಲ್ಕು ವರ್ಷ. ಜೂನ್‌ನಲ್ಲಿ ನರ್ಸರಿಗೆ ಹಾಕಿದ ಮೇಲೆ ತಿಂಗಳಿಗೊಂದು ನೆಗಡಿ, ಅದು ಹೋಗೋ ಹೊತ್ತಿಗೆ ಕೆಮ್ಮು, ಕೆಮ್ಮು ನಿಂತಿತು ಅನ್ನುವಷ್ಟರಲ್ಲಿ ಮತ್ತೆ ಮೂಗು ಸೋರುವುದು. ಮಕ್ಕಳ ಡಾಕ್ಟರ್ "ವೈರಸ್ಸು, ಆಂಟಿಬಯಾಟಿಕ್ ಬೇಡ, ತಾನಾಗೇ ಹೋಗುತ್ತೆ" ಎಂದು ಕಳಿಸುತ್ತಾರೆ.

ಈಗ ನಮ್ಮ ಅಪಾರ್ಟ್‌ಮೆಂಟಿನ ಅಮ್ಮಂದಿರ ವಾಟ್ಸಾಪ್ ಗುಂಪಿನಲ್ಲಿ ಎಲ್ಲರದ್ದೂ ಒಂದೇ ಮಾತು: ಕೊಲೊಸ್ಟ್ರಮ್ ಪುಡಿ. ಹಸು ಕರು ಹಾಕಿದ ಮೊದಲ ಹಾಲಿನ ಪುಡಿ. ನ್ಯೂಜೆರ್ಸಿಯಲ್ಲಿರುವ ನನ್ನ ನಾದಿನಿಯೂ ಬೆಳಿಗ್ಗೆ ಒಂದು ಸ್ಕೂಪ್ ಕುಡಿಯುತ್ತಾಳೆ, ಅಲ್ಲಂತೂ ಇನ್‌ಸ್ಟಾಗ್ರಾಮ್ ತುಂಬಾ ಇದೇ ಅಂತೆ, ಚರ್ಮಕ್ಕೂ ಇದೇ, ಕೂದಲಿಗೂ ಇದೇ, ಹೊಟ್ಟೆಗೂ ಇದೇ. ಡಬ್ಬದ ಮೇಲೆ "ಪ್ರಕೃತಿಯ ಆಂಟಿಬಯಾಟಿಕ್, ಲ್ಯಾಕ್ಟೋಫೆರಿನ್ ಮತ್ತು ಇಮ್ಯುನೊಗ್ಲೋಬ್ಯುಲಿನ್ ಇದೆ" ಎಂದು ಬರೆದಿದೆ. ಬೆಲೆ ಎರಡು ಸಾವಿರದ ಮೇಲೆ.

ನನಗೆ ತಲೆಗೆ ಹೋಗದ ವಿಷಯ ಏನಂದರೆ, ಇದು ನಮ್ಮೂರಲ್ಲಿ ಅಜ್ಜಿ ಬೆಲ್ಲ ಏಲಕ್ಕಿ ಹಾಕಿ ಬೇಯಿಸಿ ಕೊಡುತ್ತಿದ್ದ ಗಿಣ್ಣೇ ಅಲ್ವಾ? ಅದನ್ನು ತಿಂದೂ ನಮಗೆಲ್ಲ ನೆಗಡಿ ಬರುತ್ತಿತ್ತಲ್ಲ! ಗೊತ್ತಿರುವವರು ಹೇಳಿ. ತಗೊಳ್ಳಲಾ ಬೇಡ್ವಾ?

ಪಶುವೈದ್ಯ_ತುಮಕೂರು

ಮೇಡಂ, ಒಳ್ಳೆಯ ಪ್ರಶ್ನೆ. ನಾನು ಮನುಷ್ಯರ ಡಾಕ್ಟರ್ ಅಲ್ಲ, ಹಸುವಿನ ಕಡೆಯಿಂದ ಹೇಳುತ್ತೇನೆ.

ಹಸುವಿನ ಹೊಟ್ಟೆಯಲ್ಲಿರುವಾಗ ಕರುವಿಗೆ ತಾಯಿಯ ರಕ್ತದಿಂದ ಆಂಟಿಬಾಡಿ (ರೋಗಾಣುವಿನ ವಿರುದ್ಧ ಹೋರಾಡುವ ಪ್ರೋಟೀನ್, ನಿಮ್ಮ ಡಬ್ಬದ ಇಮ್ಯುನೊಗ್ಲೋಬ್ಯುಲಿನ್ ಅಂದರೆ ಇದೇ) ದಾಟಿ ಬರುವುದಿಲ್ಲ. ಮಾಸಿನ ರಚನೆಯೇ ಹಾಗಿದೆ. ಅಂದರೆ ಕರು ಹುಟ್ಟುವಾಗ ಅದರ ಹತ್ತಿರ ರೋಗದ ವಿರುದ್ಧ ಏನೂ ಇರುವುದಿಲ್ಲ, ಖಾಲಿ ಕೈ. ಬಿದ್ದ ಜಾಗ ಕೊಟ್ಟಿಗೆಯ ಸಗಣಿ ನೆಲ. ಅದಕ್ಕೇ ಗಿಣ್ಣು ಹಾಲಿನಲ್ಲಿ ಐಜಿಜಿ ಎಂಬ ಆಂಟಿಬಾಡಿ ಅಷ್ಟೊಂದು ತುಂಬಿರುವುದು. ಲೀಟರಿಗೆ 50 ಗ್ರಾಂ ಮೇಲಿದ್ದರೆ ಅದು ಒಳ್ಳೆಯ ಗಿಣ್ಣು ಎಂದು ನಾವು ಲೆಕ್ಕ ಹಾಕುತ್ತೇವೆ. ನೀವು ದಿನಾ ಕುಡಿಯುವ ಹಾಲಿನಲ್ಲಿ ಅದು ಒಂದು ಗ್ರಾಂ ಕೂಡ ಇರುವುದು ಕಷ್ಟ.

ಈಗ ಮುಖ್ಯ ವಿಷಯ. ಹುಟ್ಟಿದ ಕರುವಿನ ಕರುಳು ಈ ಆಂಟಿಬಾಡಿಗಳನ್ನು ಒಡೆಯದೆ ಇಡಿಯಾಗಿ ರಕ್ತಕ್ಕೆ ಬಿಟ್ಟುಕೊಳ್ಳುತ್ತದೆ. ಆದರೆ ಎಷ್ಟು ಹೊತ್ತು? ಮೊದಲ ಕೆಲವು ಗಂಟೆ ಚೆನ್ನಾಗಿ, ಆಮೇಲೆ ಇಳಿಯುತ್ತಾ ಬಂದು 24 ಗಂಟೆಯ ಹೊತ್ತಿಗೆ ಬಾಗಿಲು ಮುಚ್ಚಿಯೇ ಬಿಡುತ್ತದೆ. ಅದಕ್ಕೇ ನಾವು ರೈತರಿಗೆ ಬಡಕೊಳ್ಳುವುದು: ಮಾಸು ಬೀಳಲಿ ಎಂದು ಕಾಯಬೇಡಿ, ಕರುವಿನ ತೂಕದ ಹತ್ತನೇ ಒಂದು ಭಾಗ ಹಾಲನ್ನು ಮೊದಲ ಕೆಲವು ಗಂಟೆಯಲ್ಲೇ ಕುಡಿಸಿ ಎಂದು. 30 ಕಿಲೋ ಕರು ಆದರೆ 3 ಲೀಟರ್.

ಈಗ ನಿಮ್ಮ ಮಗ. ಮನುಷ್ಯರಲ್ಲಿ ತಾಯಿಯ ಐಜಿಜಿ ಬಸಿರಿನ ಕೊನೆಯ ತಿಂಗಳುಗಳಲ್ಲೇ ಮಗುವಿನ ರಕ್ತಕ್ಕೆ ಹೋಗಿರುತ್ತದೆ. ತಾಯಿಯ ಮೊದಲ ಹಾಲಿನಲ್ಲಿ ಜಾಸ್ತಿ ಇರುವುದು ಐಜಿಎ ಎಂಬ ಬೇರೆ ಬಗೆ. ಅದು ಕರುಳಿನ ಒಳಗೋಡೆಯನ್ನು ಕಾಯುತ್ತದೆ. ನಾಲ್ಕು ವರ್ಷದ ಹುಡುಗನಿಗೆ ಹಸುವಿನ ಐಜಿಜಿ ಕೊಟ್ಟರೆ ಬಹುಪಾಲು ಹೊಟ್ಟೆಯಲ್ಲಿ ಬೇರೆ ಪ್ರೋಟೀನಿನ ಹಾಗೆ ಜೀರ್ಣವಾಗುತ್ತದೆ. ಸ್ವಲ್ಪ ಉಳಿದು ಕರುಳಲ್ಲಿ ಕೆಲಸ ಮಾಡಬಹುದು. ಮೂಗಿಗಂತೂ ಹೋಗುವುದಿಲ್ಲ.

ಅಜ್ಜಿಯ ಗಿಣ್ಣಿನ ವಿಷಯ: ಹಬೆಯಲ್ಲಿ ಬೇಯಿಸಿದಾಗ ಅದು ಗಟ್ಟಿಯಾಗುವುದೇ ಆ ಪ್ರೋಟೀನುಗಳು ಬಿಸಿಗೆ ಕೆಟ್ಟು ಒಂದಕ್ಕೊಂದು ಅಂಟಿಕೊಳ್ಳುವುದರಿಂದ. 60 ಡಿಗ್ರಿ ದಾಟಿದರೆ ಐಜಿಜಿ ಹಾಳಾಗಲು ಶುರು. ಹಾಗಾಗಿ ಗಿಣ್ಣು ತಿಂಡಿ, ಔಷಧಿ ಅಲ್ಲ. ತಿಂಡಿಯಾಗಿ ಅದಕ್ಕೆ ಸಮ ಯಾವುದೂ ಇಲ್ಲ ಬಿಡಿ, ಅದು ಬೇರೆ ಮಾತು.

ಹಾಗಂತ ಹಸಿ ಗಿಣ್ಣು ಹಾಲು ಕುಡಿಸಲು ಹೋಗಬೇಡಿ. ಬ್ರುಸೆಲ್ಲಾ ರೋಗ ಹಸಿ ಹಾಲಿನಲ್ಲಿ ಬರುತ್ತದೆ, ಬಂದರೆ ತಿಂಗಳುಗಟ್ಟಲೆ ಜ್ವರ, ಸಂದು ನೋವು.

ಕೊಟ್ಟಿಗೆ_ಮನೆ

ನಮ್ಮದು ನಾಗಮಂಗಲದ ಕಡೆ. ಎರಡು ಎಚ್‌ಎಫ್ ತಳಿಯ ಹಸು, ಒಂದು ಎಮ್ಮೆ. ಡಾಕ್ಟರು ಹೇಳಿದ್ದು ನೂರಕ್ಕೆ ನೂರು ಸರಿ, ಆದರೆ ಹೇಳದೆ ಬಿಟ್ಟ ಒಂದು ವಿಷಯ ಇದೆ, ಅದನ್ನು ನಾನು ಹೇಳ್ತೀನಿ.

ಕರು ಹಾಕಿದ ಮೊದಮೊದಲ ದಿನಗಳ ಹಾಲನ್ನು ಡೈರಿಯಲ್ಲಿ ತಗೊಳ್ಳಲ್ಲ. ಕಾಯಿಸಿದರೆ ಒಡೆಯುತ್ತದಲ್ಲ. ಮೊದಲು ಏನಾಗ್ತಿತ್ತು? ಕರು ಹೊಟ್ಟೆ ತುಂಬಾ ಕುಡಿದು, ಮಿಕ್ಕಿದ್ದನ್ನು ಮನೆಯವರು ಗಿಣ್ಣು ಮಾಡಿ ಅಕ್ಕಪಕ್ಕದ ಮನೆಗೆ ಒಂದೊಂದು ಲೋಟ ಹಾಲು ಕೊಟ್ಟು ಕಳಿಸುತ್ತಿದ್ದರು. ದುಡ್ಡಿಗೆ ಮಾರುವ ವಸ್ತು ಆಗಿರಲಿಲ್ಲ ಅದು. ಈಗ ಹಸುಗೆ ದಿನ ತುಂಬಿದೆ ಅಂತ ಗೊತ್ತಾದರೆ ಸಾಕು, ಪೇಟೆಯಿಂದ ಫೋನು. "ಅಕ್ಕಾ, ಮೊದಲನೇ ದಿನದ್ದೇ ಬೇಕು, ಎಷ್ಟಾದರೂ ಕೊಡ್ತೀವಿ." ಡೈರಿ ರೇಟಿಗಿಂತ ಎಷ್ಟೋ ಪಾಲು ಜಾಸ್ತಿ ಕೊಡ್ತಾರೆ. ಹಿಂಡಿ ಬೂಸದ ರೇಟು ನೋಡಿದ ಮೇಲೆ ಯಾರಿಗೆ ಆಸೆ ಆಗಲ್ಲ ಹೇಳಿ? ಅದರಲ್ಲೂ ಗಂಡು ಕರು ಹುಟ್ಟಿದರೆ ಅದಕ್ಕೆ ಎರಡು ಗುಟುಕು ಕುಡಿಸಿ ಮಿಕ್ಕಿದ್ದೆಲ್ಲ ಕ್ಯಾನಿಗೆ ಹಾಕುವವರನ್ನು ನೋಡಿದ್ದೀನಿ. ಆಮೇಲೆ ಹತ್ತು ದಿನಕ್ಕೆ ಬಿಳಿ ಭೇದಿ ಹತ್ತಿ ಕರು ನೆಲ ಹಿಡಿಯುತ್ತೆ, ಕಣ್ಣು ಒಳಗೆ ಹೋಗಿರುತ್ತೆ, ಚರ್ಮ ಎಳೆದರೆ ಹಾಗೇ ನಿಂತುಬಿಡುತ್ತೆ. ಆಗ ಡಾಕ್ಟರಿಗೆ ಫೋನು, ಬಾಟಲ್ಲು, ಆಂಟಿಬಯಾಟಿಕ್ ಇಂಜೆಕ್ಷನ್ನು.

ಮೊದಲ ಸಲ ಕರೆದಾಗ ನೋಡಬೇಕು ಆ ಹಾಲನ್ನು. ಅರಿಶಿನ ಕದಡಿದ ಬಣ್ಣ, ಬೆರಳಿಗೆ ಅಂಟುತ್ತೆ, ಬಕೆಟ್ಟಿನಲ್ಲಿ ನೊರೆ ಕೂಡ ಸರಿಯಾಗಿ ಏಳಲ್ಲ. ಮಾರನೇ ದಿನಕ್ಕೆ ತೆಳ್ಳಗಾಗಿರುತ್ತೆ. ಪೇಟೆಯವರು ಕೇಳೋದು ಆ ಮೊದಲನೇದನ್ನೇ.

ತಂಗಿ, ನಿನ್ನ ಮೇಲೆ ಸಿಟ್ಟಲ್ಲ. ಆದರೆ ಆ ಡಬ್ಬದವರು ಯಾವ ಕೊಟ್ಟಿಗೆಯಿಂದ ತಂದರು, ಆ ಕರು ಎಷ್ಟು ಕುಡಿಯಿತು ಅಂತ ಡಬ್ಬದ ಮೇಲೆ ಎಲ್ಲೂ ಬರೆದಿರಲ್ಲ.

ಮೊಸರುಮಡಕೆ

ಹೆಬ್ಬಾಳದಲ್ಲಿ ಡೈರಿ ಸೈನ್ಸ್ ಓದಿದವನು. ಲ್ಯಾಕ್ಟೋಫೆರಿನ್ ಬಗ್ಗೆ ಯಾರೂ ಹೇಳಲಿಲ್ಲ, ಹಾಗಾಗಿ ಸ್ವಲ್ಪ ಉದ್ದ ಬರೆಯುತ್ತೇನೆ, ಬೇಜಾರಾದರೆ ಕೆಳಗೆ ಹೋಗಿ.

ಮೊದಲೇ ಹೇಳಿಬಿಡುತ್ತೇನೆ. ಇದು ಬುರುಡೆ ಅಲ್ಲ. ಸಾಕುಪ್ರಾಣಿಗಳ ಮೈಯಲ್ಲಿ ಬ್ಯಾಕ್ಟೀರಿಯಾ ಕೊಲ್ಲುವ ವಸ್ತುಗಳು ನಿಜಕ್ಕೂ ಇವೆ. ಲ್ಯಾಕ್ಟೋಫೆರಿನ್ ಹಾಲಿನ ಒಂದು ಪ್ರೋಟೀನ್, ಕಬ್ಬಿಣದ ಅಂಶವನ್ನು ಗಟ್ಟಿಯಾಗಿ ಹಿಡಿದುಕೊಳ್ಳುತ್ತದೆ. ಬ್ಯಾಕ್ಟೀರಿಯಾ ಬೆಳೆಯಲು ಕಬ್ಬಿಣ ಬೇಕು. ಅವು ಊಟಕ್ಕೆ ಕೂತಾಗ ಎಲೆಯನ್ನೇ ಎತ್ತಿಕೊಂಡು ಹೋದ ಹಾಗೆ ಇದರ ಕೆಲಸ. ಇನ್ನೊಂದು ವಿಶೇಷ, ಹೊಟ್ಟೆಯಲ್ಲಿ ಪ್ರೋಟೀನ್ ಜೀರ್ಣಿಸುವ ಪೆಪ್ಸಿನ್ ಇದನ್ನು ಕತ್ತರಿಸಿದಾಗ ಲ್ಯಾಕ್ಟೋಫೆರಿಸಿನ್ ಎಂಬ ಸಣ್ಣ ತುಂಡು ಹೊರಬರುತ್ತದೆ, ಹಸುವಿನದ್ದಾದರೆ 25 ಅಮೈನೋ ಆಮ್ಲದ್ದು. ಈ ತುಂಡು ಬ್ಯಾಕ್ಟೀರಿಯಾ ಕೊಲ್ಲುವುದರಲ್ಲಿ ತಾಯಿ ಪ್ರೋಟೀನಿಗಿಂತ ಚುರುಕು. ಜಪಾನಿನವರು 1990ರ ದಶಕದ ಶುರುವಿನಲ್ಲಿ ಇದನ್ನು ಕಂಡುಹಿಡಿದರು.

ಮೊಟ್ಟೆಯ ಬಿಳಿಯಲ್ಲಿ ಲೈಸೋಝೈಮ್ ಇದೆ. ಪೆನಿಸಿಲಿನ್‌ನ ಅಲೆಕ್ಸಾಂಡರ್ ಫ್ಲೆಮಿಂಗ್ ಅದಕ್ಕೂ ಮೊದಲೇ, 1922ರಲ್ಲಿ ಇದರ ಬಗ್ಗೆ ಬರೆದಿದ್ದರು. ಮೂಗಿನ ಸಿಂಬಳದಲ್ಲಿ ಸಿಕ್ಕಿದ್ದು! ನಿಮ್ಮ ಮಗನ ಮೂಗಿನಲ್ಲಿ ಧಾರಾಳವಾಗಿ ಇದೆ ಮೇಡಂ, ಪುಕ್ಕಟೆ. ಮೊಟ್ಟೆಯಿಂದ ತೆಗೆದ ಲೈಸೋಝೈಮನ್ನು ಯುರೋಪಿನಲ್ಲಿ ಚೀಸ್ ಉಬ್ಬಿ ಬಿರಿಯದ ಹಾಗೆ ಹಾಕುತ್ತಾರೆ, ಇ1105 ಎಂದು ಲೇಬಲ್ಲಿನಲ್ಲಿ ಇರುತ್ತದೆ. ಚೆನ್ನಾಗಿ ಕೆಲಸ ಮಾಡುತ್ತದೆ.

ಹಸುವಿನ ಬಿಳಿ ರಕ್ತಕಣದಲ್ಲಿ ಇಂಡೊಲಿಸಿಡಿನ್, ಹಂದಿಯದ್ದರಲ್ಲಿ ಪ್ರೊಟೆಗ್ರಿನ್. ಇವು ಬ್ಯಾಕ್ಟೀರಿಯಾದ ಹೊರಪೊರೆಗೆ ತೂತು ಹಾಕುವ ಜಾತಿಯವು. 1990ರ ದಶಕದಲ್ಲಿ ಇವು ಸಿಕ್ಕಾಗ ಹೊಸ ಆಂಟಿಬಯಾಟಿಕ್ ಸಿಕ್ಕೇಬಿಟ್ಟಿತು ಎಂದು ದೊಡ್ಡ ಗದ್ದಲ. ಪ್ರೊಟೆಗ್ರಿನ್ನಿನ ಮಾದರಿಯಲ್ಲಿ ಇಸೆಗನಾನ್ ಎಂಬ ಔಷಧಿ ಮಾಡಿದರು. ಕ್ಯಾನ್ಸರ್ ಚಿಕಿತ್ಸೆಯಲ್ಲಿ ಬಾಯಿ ಹುಣ್ಣಾಗುತ್ತದಲ್ಲ, ಅದನ್ನು ತಡೆಯಲು. ದೊಡ್ಡ ಪ್ರಯೋಗದಲ್ಲಿ ಬಿದ್ದುಹೋಯಿತು. ವೆಂಟಿಲೇಟರ್ ಮೇಲಿದ್ದವರ ನ್ಯುಮೋನಿಯಾ ತಡೆಯಲು ನೋಡಿದರು, ಅದೂ ಆಗಲಿಲ್ಲ. ಇಂಡೊಲಿಸಿಡಿನ್ ಅಂತೂ ನಮ್ಮ ಕೆಂಪು ರಕ್ತಕಣವನ್ನೂ ಒಡೆಯುತ್ತದೆ. ಗಾಜಿನ ತಟ್ಟೆಯಲ್ಲಿ ಬ್ಯಾಕ್ಟೀರಿಯಾ ಸಾಯುವುದು ಒಂದು, ಮನುಷ್ಯನ ಮೈಯಲ್ಲಿ ಉಪಯೋಗಕ್ಕೆ ಬರುವುದು ಇನ್ನೊಂದು. ನಡುವೆ ಎಷ್ಟೋ ಒಳ್ಳೊಳ್ಳೆ ಅಣುಗಳು ಸತ್ತಿವೆ.

ಈಗ ಲ್ಯಾಕ್ಟೋಫೆರಿನ್ನಿನ ಕಥೆ, ಇದು ನನಗೆ ತುಂಬಾ ಮುಖ್ಯ ಅನ್ನಿಸುತ್ತದೆ. 2009ರಲ್ಲಿ ಇಟಲಿಯಲ್ಲಿ ತೂಕ ತೀರಾ ಕಡಿಮೆ ಇದ್ದ 472 ನವಜಾತ ಶಿಶುಗಳ ಮೇಲೆ ಒಂದು ಪ್ರಯೋಗ ನಡೆಯಿತು. ಹಸುವಿನ ಲ್ಯಾಕ್ಟೋಫೆರಿನ್ ದಿನಕ್ಕೆ 100 ಮಿಲಿಗ್ರಾಂ ಕೊಟ್ಟರು. ರಕ್ತದ ಸೋಂಕು ಕೊಡದವರಲ್ಲಿ ಶೇ. 17.3, ಕೊಟ್ಟವರಲ್ಲಿ ಶೇ. 5.9 ಮಾತ್ರ. ಎಲ್ಲರೂ ಕುಣಿದಾಡಿದರು. ಆಮೇಲೆ ಬ್ರಿಟನ್ನಿನವರು ಎಲ್ಫಿನ್ ಎಂಬ ಪ್ರಯೋಗ ಮಾಡಿದರು, 2,200ಕ್ಕೂ ಹೆಚ್ಚು ನವಜಾತ ಶಿಶುಗಳು, 2019ರಲ್ಲಿ ಪ್ರಕಟ. ಲ್ಯಾಕ್ಟೋಫೆರಿನ್ ಕೊಟ್ಟವರಲ್ಲಿ ಸೋಂಕು ಶೇ. 29, ಕೊಡದವರಲ್ಲಿ ಶೇ. 31. ಅಂದರೆ ಲೆಕ್ಕಕ್ಕೆ ಬರುವ ವ್ಯತ್ಯಾಸ ಇಲ್ಲ. ಡಬ್ಬ ಮಾರುವವರು ಹೇಳುವುದು ಮೊದಲನೆಯದನ್ನು ಮಾತ್ರ.

ಕೊಲೊಸ್ಟ್ರಮ್ಮಿಗೆ ಆಧಾರವೇ ಇಲ್ಲ ಎಂದು ಹೇಳಲಾರೆ. ತುಂಬಾ ದೂರ ಓಡುವ, ಸೈಕಲ್ ಹೊಡೆಯುವ ಕ್ರೀಡಾಪಟುಗಳಲ್ಲಿ ನೆಗಡಿಯ ದಿನಗಳು ಸ್ವಲ್ಪ ಕಡಿಮೆಯಾದವು ಎಂದು ತೋರಿಸಿದ ಸಣ್ಣ ಪ್ರಯೋಗಗಳಿವೆ. ತಮಾಷೆ ಏನಂದರೆ, ಕ್ರೀಡಾ ಡೋಪಿಂಗ್ ತಡೆ ಸಂಸ್ಥೆ ವಾಡಾ ಇದನ್ನು ನಿಷೇಧಿಸಿಲ್ಲ, ಆದರೆ ಇದರಲ್ಲಿರುವ ಐಜಿಎಫ್-1 ಎಂಬ ಬೆಳವಣಿಗೆ ಅಂಶ ಪರೀಕ್ಷೆಯ ಫಲಿತಾಂಶಕ್ಕೆ ತೊಂದರೆ ಕೊಡಬಹುದು, ತಗೊಳ್ಳದಿರುವುದೇ ವಾಸಿ ಎನ್ನುತ್ತದೆ. ಇನ್ನು ಆಸ್ಟ್ರೇಲಿಯಾದಲ್ಲಿ ಪ್ರವಾಸಿಗರ ಭೇದಿಗೆ ಒಂದು ಕೊಲೊಸ್ಟ್ರಮ್ ಮಾತ್ರೆ ಇದೆ. ಆದರೆ ಅದರ ಹಸುಗಳಿಗೆ ಮೊದಲೇ ಆ ಭೇದಿ ತರುವ ಇ. ಕೊಲೈ ಬ್ಯಾಕ್ಟೀರಿಯಾ ವಿರುದ್ಧ ಲಸಿಕೆ ಹಾಕಿರುತ್ತಾರೆ, ಹಾಗಾಗಿ ಅದರ ಆಂಟಿಬಾಡಿ ಆ ರೋಗಕ್ಕೇ ಹೇಳಿ ಮಾಡಿಸಿದ್ದು. ನಿಮ್ಮ ಡಬ್ಬದ ಹಸುಗೆ ನಿಮ್ಮ ಮಗನ ನರ್ಸರಿಯ ನೆಗಡಿ ವೈರಸ್ಸು ಯಾವುದು ಎಂದು ಹೇಗೆ ಗೊತ್ತಿರಬೇಕು?

ಸತ್ಯಶೋಧಕ99

ಇಷ್ಟೆಲ್ಲ ಪ್ರಯೋಗ ಪ್ರಯೋಗ ಅಂತೀರಲ್ಲ, ಪ್ರಯೋಗಕ್ಕೆ ದುಡ್ಡು ಹಾಕುವವರು ಯಾರು? ಔಷಧಿ ಕಂಪನಿಗಳು. ಅವರಿಗೆ ಹಸುವಿನಿಂದ ಪುಕ್ಕಟೆ ಸಿಗುವುದು ಬೇಡ. ಗೋಮೂತ್ರಕ್ಕೆ ಅಮೆರಿಕದಲ್ಲೇ ಪೇಟೆಂಟ್ ಕೊಟ್ಟಿದ್ದಾರೆ, ಅದು ಆಂಟಿಬಯಾಟಿಕ್ ಅಂತ ಒಪ್ಪಿಕೊಂಡ ಹಾಗಲ್ವಾ? ನಮ್ಮವರಿಗೆ ಮಾತ್ರ ನಂಬಿಕೆ ಇಲ್ಲ.

ಪಶುವೈದ್ಯ_ತುಮಕೂರು

ಸರ್, ಆ ಪೇಟೆಂಟ್ ನಾನೂ ನೋಡಿದ್ದೇನೆ. 2002ರಲ್ಲಿ ಸಿಕ್ಕಿದ್ದು, ನಮ್ಮ ಸರ್ಕಾರದ ಸಂಶೋಧನಾ ಸಂಸ್ಥೆ ಸಿಎಸ್‌ಐಆರ್‌ಗೆ. ಅದರಲ್ಲಿರುವುದು ಭಟ್ಟಿ ಇಳಿಸಿದ ಗೋಮೂತ್ರದ ಅಂಶವನ್ನು ಬೇರೆ ಆಂಟಿಬಯಾಟಿಕ್ ಜೊತೆ ಸೇರಿಸಿದರೆ ಅದರ ಕೆಲಸ ಹೆಚ್ಚುತ್ತದೆ ಎಂದು. ಅದೇ ಆಂಟಿಬಯಾಟಿಕ್ ಎಂದಲ್ಲ. ಪೇಟೆಂಟ್ ಕೊಡುವವರು ಇದು ಹೊಸದಾ ಎಂದು ನೋಡುತ್ತಾರೆ, ರೋಗಿಗಳ ಮೇಲೆ ಪರೀಕ್ಷೆ ಆಗಿದೆಯಾ ಎಂದು ಕೇಳುವುದಿಲ್ಲ. ಬರೇಲಿಯ ಐವಿಆರ್‌ಐ ನಮ್ಮ ದೇಶದ ದೊಡ್ಡ ಪಶು ಸಂಶೋಧನಾ ಸಂಸ್ಥೆ, ಔಷಧಿ ಕಂಪನಿ ಅಲ್ಲ. 2023ರಲ್ಲಿ ಅಲ್ಲಿನವರು ಆರೋಗ್ಯವಾಗಿದ್ದ ಹಸುಗಳ ತಾಜಾ ಮೂತ್ರದಲ್ಲೇ ಇ. ಕೊಲೈ ಸೇರಿ ರೋಗ ತರುವ ಬ್ಯಾಕ್ಟೀರಿಯಾ ಇವೆ, ಜನ ಹಾಗೇ ಕುಡಿಯಬಾರದು ಎಂದು ಹೇಳಿದ್ದರು. ಭಕ್ತಿ ಬೇರೆ, ಅದನ್ನು ನಾನು ಮುಟ್ಟುವುದಿಲ್ಲ. ಮಗುವಿಗೆ ಕುಡಿಸುವ ಮಾತು ಬಂದಾಗ ಮಾತ್ರ ನಾನು ಬಾಯಿ ಬಿಡುವುದು.

ಮಾತ್ರೆ_ಅಂಗಡಿ

ದಾವಣಗೆರೆಯಲ್ಲಿ ಮೆಡಿಕಲ್ ಶಾಪ್ ಇಟ್ಟಿದ್ದೇನೆ. ಕೌಂಟರಿನ ಈಚೆ ನಿಂತು ನೋಡಿದ್ದನ್ನು ಹೇಳುತ್ತೇನೆ.

ಕೋವಿಡ್ ಆದ ಮೇಲೆ ಗಿರಾಕಿಗಳು ಚೀಟಿ ತರುವುದಕ್ಕಿಂತ ಫೋನು ತೋರಿಸುವುದು ಜಾಸ್ತಿ. ರೀಲ್ಸ್ ನಿಲ್ಲಿಸಿ ಡಬ್ಬದ ಚಿತ್ರ ತೋರಿಸಿ "ಇದಿದೆಯಾ?" ಎನ್ನುತ್ತಾರೆ. ಇಲ್ಲ ಅಂದರೆ ಪಕ್ಕದ ಅಂಗಡಿ ಅಥವಾ ಆನ್‌ಲೈನ್. ಹಾಗಾಗಿ ಸುಮ್ನೆ ನಾವೂ ತರಿಸಿ ಇಡುತ್ತೇವೆ. ಡಾಕ್ಟರ್ ಬರೆಯದೆ, ಕಂಪನಿಯ ಪ್ರತಿನಿಧಿ ಬಂದು ಹೇಳದೆ, ಗಿರಾಕಿಯೇ ಕೇಳಿ ಕೇಳಿ ಒಂದು ವಸ್ತು ಶೆಲ್ಫಿಗೆ ಬರುವುದು ನಮ್ಮ ಅಪ್ಪನ ಕಾಲದಲ್ಲಿ ಟೂತ್‌ಪೇಸ್ಟು, ಪೌಡರಿಗೆ ಮಾತ್ರ ಇತ್ತು.

ನನಗೆ ನಗು ಬರುವ ಸಂಗತಿ ಇನ್ನೊಂದಿದೆ. "ಕೆಮಿಕಲ್ ಬೇಡ, ನ್ಯಾಚುರಲ್ ಕೊಡಿ" ಎಂದು ಈ ಪುಡಿ ತಗೊಂಡು ಹೋದವರೇ, ಮಗುವಿನ ನೆಗಡಿ ಮೂರನೇ ದಿನಕ್ಕೂ ನಿಲ್ಲದಿದ್ದರೆ ಬಂದು ಚೀಟಿ ಇಲ್ಲದೆ ಅಜಿತ್ರೋಮೈಸಿನ್ ಆಂಟಿಬಯಾಟಿಕ್ ಕೊಡಿ ಎಂದು ಜಗಳ ತೆಗೆಯುತ್ತಾರೆ. ಎರಡೂ ಅದಕ್ಕೆ ಕೆಲಸ ಮಾಡಲ್ಲ ಸ್ವಾಮಿ ಎಂದರೆ ನನ್ನನ್ನೇ ಕೆಕ್ಕರಿಸಿ ನೋಡುತ್ತಾರೆ.

ಡಬ್ಬ ತಿರುಗಿಸಿ ಹಿಂದೆ ಓದಿ ಮೇಡಂ. ಎಫ್‌ಎಸ್‌ಎಸ್‌ಎಐ ನಂಬರ್ ಇರುತ್ತದೆ, ಅದು ಆಹಾರದ ಲೈಸೆನ್ಸು, ಔಷಧಿಯದ್ದಲ್ಲ. ಈ ಬಗೆಯ ಪೂರಕ ಆಹಾರದ ಮೇಲೆ "ಔಷಧಿಯಾಗಿ ಬಳಸಲು ಅಲ್ಲ" ಎಂದು ಬರೆಯಲೇಬೇಕೆಂಬ ನಿಯಮ ಇದೆ. ಮುಂದೆ ದಪ್ಪ ಅಕ್ಷರದಲ್ಲಿ ಪ್ರಕೃತಿಯ ಆಂಟಿಬಯಾಟಿಕ್, ಹಿಂದೆ ಇರುವೆ ಕಾಲಿನಷ್ಟು ಅಕ್ಷರದಲ್ಲಿ ಇದು!

ಒಂದು ಕಡೆ ಮಾತ್ರ ಲ್ಯಾಕ್ಟೋಫೆರಿನ್ ಚೀಟಿಯಲ್ಲೇ ಬರುತ್ತದೆ. ಬಸುರಿಯರಿಗೆ ರಕ್ತ ಕಡಿಮೆ ಇದ್ದಾಗ. ಕಬ್ಬಿಣದ ಮಾತ್ರೆ ತಗೊಂಡರೆ ಕೆಲವರಿಗೆ ಹೊಟ್ಟೆ ಕಟ್ಟುತ್ತೆ, ವಾಕರಿಕೆ. ಇಟಲಿಯಲ್ಲಿ ಬಸುರಿಯರ ಮೇಲೆ ಮಾಡಿದ ಪ್ರಯೋಗಗಳಲ್ಲಿ ಲ್ಯಾಕ್ಟೋಫೆರಿನ್ ಕೊಟ್ಟವರಿಗೆ ಆ ಕಾಟ ಕಡಿಮೆ ಇತ್ತು, ರಕ್ತವೂ ಏರಿತು. ಅದನ್ನು ಹೆರಿಗೆ ಡಾಕ್ಟರ್ ನೋಡಿ ಬರೆಯುತ್ತಾರೆ. ನೆಗಡಿಗೆ ಸಂಬಂಧ ಇಲ್ಲ.

ಹಾಸನದವಳು

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಇಷ್ಟೊಂದು ಬರೆಯುತ್ತೀರಿ ಅಂದುಕೊಂಡಿರಲಿಲ್ಲ. ಡಬ್ಬ ತಗೊಳ್ಳಲ್ಲ. ಗುಂಪಿನಲ್ಲಿ ಹೇಳಿದರೆ ನನ್ನನ್ನು ಹೊರಗೆ ಹಾಕುತ್ತಾರೇನೋ ☺ ಆದರೆ ಇನ್ನೊಂದು ಅನುಮಾನ. ಅದೇ ಗುಂಪಿನಲ್ಲಿ ಒಬ್ಬರು ಮಾಮೂಲಿ ಹಾಲಿನಲ್ಲೆಲ್ಲ ಆಂಟಿಬಯಾಟಿಕ್ ತುಂಬಿರುತ್ತದೆ, ಅದಕ್ಕೇ ಈ ಪುಡಿ ವಾಸಿ ಅಂದರು. ಅದು ನಿಜಾನಾ? ಮತ್ತೆ ನಮ್ಮ ಕೆಳಗಿನ ಮನೆಯ ಮಗುವಿಗೆ ಹಾಲು ಅಲರ್ಜಿ, ಅವರೂ ಇದನ್ನು ತರಿಸಿದ್ದಾರೆ.

ಮೊಸರುಮಡಕೆ

ಹಾಲು ಅಲರ್ಜಿ ಇರುವ ಮಗುವಿಗೆ ಖಂಡಿತ ಬೇಡ, ಇವತ್ತೇ ಹೇಳಿ ಅವರಿಗೆ. ಅದರಲ್ಲಿರುವುದೂ ಅದೇ ಹಸುವಿನ ಪ್ರೋಟೀನ್. ಮೊಟ್ಟೆ ಅಲರ್ಜಿ ಇರುವವರು ಲೈಸೋಝೈಮ್ ಇರುವ ಮಾತ್ರೆ ಮುಟ್ಟಬಾರದು, ಅದೇ ಕಾರಣಕ್ಕೆ.

ಹಾಲಿನ ಬಗ್ಗೆ: ಎಫ್‌ಎಸ್‌ಎಸ್‌ಎಐ 2018ರಲ್ಲಿ ದೇಶದ ಉದ್ದಗಲ 6,432 ಮಾದರಿ ಪರೀಕ್ಷೆ ಮಾಡಿಸಿತು. ಆಂಟಿಬಯಾಟಿಕ್ ಮಿತಿ ಮೀರಿದ್ದು 77ರಲ್ಲಿ, ಅಂದರೆ ಶೇ. 1.2. ಜಾಸ್ತಿ ಸಿಕ್ಕಿದ್ದು ಬೂಷ್ಟು ಹಿಡಿದ ಮೇವಿನಿಂದ ಬರುವ ಅಫ್ಲಾಟಾಕ್ಸಿನ್ ಎಂಬ ವಿಷ, ಶೇ. 5.7. ಅದರ ಬಗ್ಗೆ ಯಾರೂ ರೀಲ್ಸ್ ಮಾಡಲ್ಲ, ಯಾಕಂದರೆ ಅದಕ್ಕೆ ಮಾರಲು ಪುಡಿ ಇಲ್ಲ. ಶೇ. 1.2 ಕೂಡ ಇರಬಾರದು, ಒಪ್ಪುತ್ತೇನೆ. ಆದರೆ "ಎಲ್ಲ ಹಾಲಿನಲ್ಲೂ" ಎನ್ನುವುದು ಸುಳ್ಳು.

ನನ್ನ ಪ್ರಕಾರ ಈ ಲ್ಯಾಕ್ಟೋಫೆರಿನ್, ಇಂಡೊಲಿಸಿಡಿನ್ ಥರದ ಪೆಪ್ಟೈಡ್ (ಸಣ್ಣ ಪ್ರೋಟೀನ್ ತುಂಡು) ಇವೆಲ್ಲ ಉಪಯೋಗಕ್ಕೆ ಬರಬೇಕಾದ ಜಾಗ ನಮ್ಮ ಹೊಟ್ಟೆಗಿಂತ ಮೊದಲು ಕೊಟ್ಟಿಗೆ ಮತ್ತು ಕೋಳಿ ಫಾರಂ. ಕೊಲಿಸ್ಟಿನ್ ಎಂಬ ಆಂಟಿಬಯಾಟಿಕ್ ಇದೆ, ಬೇರೆ ಯಾವುದೂ ನಾಟದಾಗ ಐಸಿಯುನಲ್ಲಿ ಕೊನೆಗೆ ಕೊಡುವುದು. ಅದನ್ನು ಕೋಳಿ ಬೇಗ ತೂಕ ಬರಲಿ ಎಂದು ತಿನ್ನಿಸುತ್ತಿದ್ದರು! 2019ರ ಜುಲೈನಲ್ಲಿ ಕೇಂದ್ರ ಸರ್ಕಾರ ಆಹಾರಕ್ಕೆ ಬಳಸುವ ಪ್ರಾಣಿಗಳಿಗೆ ಅದನ್ನು ಕೊಡಬಾರದು ಎಂದು ನಿಷೇಧ ಹಾಕಿತು. ಅಂಥ ಕಡೆ ಬದಲಿ ಬೇಕು. ಅಲ್ಲಿ ಯಾರೂ ಎರಡು ಸಾವಿರ ಕೊಟ್ಟು ಡಬ್ಬ ಕೊಳ್ಳುವುದಿಲ್ಲ, ಹಾಗಾಗಿ ಜಾಹೀರಾತೂ ಇಲ್ಲ.

ಕೊಟ್ಟಿಗೆ_ಮನೆ

ಬದಲಿ ಅಂದ್ರಲ್ಲ, ಕೆಚ್ಚಲು ಬಾವಿಗೆ ಲೋಳೆಸರ ಅರಿಶಿನ ಹಚ್ಚೋದು ಕೆಲಸ ಮಾಡುತ್ತಾ ಡಾಕ್ಟ್ರೇ? ನಮ್ಮ ಡೈರಿ ಸೆಕ್ರೆಟರಿ ಹೇಳ್ತಿದ್ದರು. ಇಂಜೆಕ್ಷನ್ ಹಾಕಿಸಿದರೆ ಅಷ್ಟು ದಿನ ಹಾಲು ಡೈರಿಗೆ ಹಾಕೋ ಹಾಗಿಲ್ಲ, ಅದೇ ತಲೆನೋವು.

ಪಶುವೈದ್ಯ_ತುಮಕೂರು

ಅಕ್ಕ, ಶುರುವಿನಲ್ಲೇ ಹಿಡಿದರೆ ಉಪಯೋಗ ಇದೆ. ಯಲಹಂಕದ ಟಿಡಿಯು ವಿಶ್ವವಿದ್ಯಾಲಯ, ರಾಷ್ಟ್ರೀಯ ಡೈರಿ ಅಭಿವೃದ್ಧಿ ಮಂಡಳಿ ಎನ್‌ಡಿಡಿಬಿ ಎರಡೂ ಇದನ್ನು ರೈತರಿಗೆ ಹೇಳಿಕೊಡುತ್ತವೆ. ಲೋಳೆಸರ 250 ಗ್ರಾಂ, ಅರಿಶಿನ ಪುಡಿ 50 ಗ್ರಾಂ, ಎಲೆಗೆ ಹಚ್ಚುವ ಸುಣ್ಣ 15 ಗ್ರಾಂ, ಮೂರನ್ನೂ ಕೆಂಪಗಾಗುವ ಹಾಗೆ ರುಬ್ಬಿ. ಕೆಚ್ಚಲು ತೊಳೆದು, ಇರುವ ಹಾಲನ್ನೆಲ್ಲ ಕರೆದು ಚೆಲ್ಲಿ. ಒಂದು ಹಿಡಿ ರುಬ್ಬಿದ್ದಕ್ಕೆ ಸ್ವಲ್ಪ ನೀರು ಬೆರೆಸಿ ಇಡೀ ಕೆಚ್ಚಲಿಗೆ ಹಚ್ಚಿ, ನೋವಿರುವ ಮೊಲೆಗೆ ಮಾತ್ರ ಅಲ್ಲ. ದಿನಕ್ಕೆ ಎಂಟು ಹತ್ತು ಸಲ, ಕನಿಷ್ಠ ಐದು ದಿನ. ಪ್ರತಿದಿನ ಹೊಸದಾಗಿ ರುಬ್ಬಬೇಕು, ನಿನ್ನೆಯದ್ದು ಬೇಡ.

ಆದರೆ ಹಸು ಮೇವು ಬಿಟ್ಟಿದ್ದರೆ, ಮೈ ಸುಡುತ್ತಿದ್ದರೆ, ಹಾಲಿನಲ್ಲಿ ರಕ್ತ ಅಥವಾ ನೀರಿನಂಥದ್ದು ಬರುತ್ತಿದ್ದರೆ, ಲೋಳೆಸರ ಹಚ್ಚಿಕೊಂಡು ಕೂರಬೇಡಿ. ಆಗ ಇಂಜೆಕ್ಷನ್ನೇ ಬೇಕು, ಅವತ್ತೇ ಫೋನ್ ಮಾಡಿ. ಕೋರ್ಸ್ ಪೂರ್ತಿ ಹಾಕಿಸಿ, ನಾನು ಬರೆದುಕೊಟ್ಟಷ್ಟು ದಿನ ಆ ಹಾಲನ್ನು ಡೈರಿಗೂ ಹಾಕಬೇಡಿ, ಕರುವಿಗೂ ಕುಡಿಸಬೇಡಿ.